ಹಳ್ಳ ಬತ್ತಿದಾಗ ಬಿಸಿಲು, ಬಿಸಿಲು ಸತ್ತಾಗ ಗಾಳಿ

ಐದುನೂರು ಬ್ಯಾಟರಿ!

ಲೆಕ್ಕ ಮುಗಿದ ಮೇಲೆ ಹಾಳೆಯನ್ನೇ ದಿಟ್ಟಿಸುತ್ತ ಕೂತೆ. ಎಲ್ಲೋ ಒಂದು ಸೊನ್ನೆ ಹೆಚ್ಚಾಗಿರಬೇಕು ಅಂತ ಮತ್ತೆ ಮೊದಲಿಂದ ಹಾಕಿದೆ. ಹೆಚ್ಚಾಗಿರಲಿಲ್ಲ. ಮಲೆನಾಡಿನ ಒಂದೇ ಒಂದು ಮನೆ. ಕಂಬ, ತಂತಿ ಯಾವುದೂ ಬಾರದ, ದಿನಕ್ಕೆ ಐದು ಯೂನಿಟ್ ಸಿಕ್ಕರೆ ಸಾಕೆನ್ನುವ ಮನೆ. ಬೇಸಿಗೆಯ ಬಿಸಿಲನ್ನು ಹಿಡಿದಿಟ್ಟು ಮಳೆಗಾಲದ ಮೂರು ತಿಂಗಳು ದೀಪ ಹಚ್ಚಬೇಕು ಎಂದರೆ ಎಷ್ಟು ಬ್ಯಾಟರಿ ಬೇಕು? ದಿನಕ್ಕೆ ಐದರಂತೆ ತೊಂಬತ್ತು ದಿನಕ್ಕೆ 450 ಯೂನಿಟ್. ನಮ್ಮ ಮನೆಗಳಲ್ಲಿ ಯುಪಿಎಸ್ ಪಕ್ಕ ಕೂತಿರುತ್ತದಲ್ಲ, 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ, ಅದರ ಹೊಟ್ಟೆಯಲ್ಲಿ ಹಿಡಿಯುವುದು 1.8 ಯೂನಿಟ್. ಸೀಸದ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುತ್ತ ಹೋದರೆ ಬೇಗ ಸಾಯುತ್ತದೆ, ಅರ್ಧಕ್ಕೇ ನಿಲ್ಲಿಸಬೇಕು. ಅಂದರೆ ಒಂದೊಂದರಿಂದ 0.9 ಯೂನಿಟ್. 450ನ್ನು ಅದರಿಂದ ಭಾಗಿಸಿದರೆ ಐದುನೂರು. ಮಳೆಗಾಲದಲ್ಲೂ ಪ್ಯಾನೆಲ್ ಅಷ್ಟಿಷ್ಟು ಕೊಡುತ್ತದೆ ಎಂದು ಇನ್ನೂರು ಕಳೆದರೂ ಮುನ್ನೂರು ಉಳಿಯಿತು. ನಡುಮನೆ, ಜಗಲಿ, ಕೊಟ್ಟಿಗೆ ಎಲ್ಲ ತುಂಬಿ ಅಂಗಳಕ್ಕೂ ಬರುವಷ್ಟು!

ಆದರೆ ಅದೇ ಮನೆಗೆ ಒಂದು ರಾತ್ರಿ ಕಳೆಯುವುದಕ್ಕೆ? ಮೂರು ಬ್ಯಾಟರಿ. ಬರೀ ಮೂರು.

ಈ ಮೂರಕ್ಕೂ ಐದುನೂರಕ್ಕೂ ನಡುವೆ ಏನೋ ಒಂದು ಗುಟ್ಟಿದೆ ಎಂದು ನನಗೆ ಹೊಳೆದದ್ದು ಅವತ್ತೇ. ಅದನ್ನು ಬೆನ್ನು ಹತ್ತಿ ಹೋದವನು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆಯ ಒಂದು ಪುಟ್ಟ ದ್ವೀಪದ ನಕ್ಷೆಯ ಮುಂದೆ ಬಾಯಿ ಬಿಟ್ಟು ಕೂತೆ. ಇನ್ನೂ ಬಾಯಿ ಮುಚ್ಚಿಲ್ಲ.

ಈ ಲೆಕ್ಕಕ್ಕೆ ನನ್ನನ್ನು ಕೂರಿಸಿದವರು ಶೃಂಗೇರಿ ಕಡೆಯ ನನ್ನ ದೊಡ್ಡಪ್ಪ. ಅವರ ಅಡಿಕೆ ತೋಟದ ಮೇಲುಗಡೆ ಒಂದು ಹಳ್ಳ ಇದೆ. ಅಲ್ಲಿಂದ ಗುಡ್ಡದ ಮೈಗೆ ಅಂಟಿಕೊಂಡು ಒಂದು ಪೈಪು ಇಳಿದು ಬರುತ್ತದೆ. ತೋಟದ ಮೂಲೆಯಲ್ಲಿ ತಗಡಿನ ಸಣ್ಣ ಗೂಡು, ಅದರೊಳಗೆ ತೊಟ್ಟಿಲಿನಷ್ಟೂ ದೊಡ್ಡದಲ್ಲದ ಒಂದು ಟರ್ಬೈನು. ಜುಲೈ ತಿಂಗಳಲ್ಲಿ ಅದರ ಮುಚ್ಚಳಕ್ಕೆ ಕೈ ಇಟ್ಟರೆ ನಡುಕ ಮೊಣಕೈವರೆಗೆ ಏರುತ್ತದೆ. ಒಳಗೆ ಹೆಬ್ಬೆರಳು ದಪ್ಪದ ನೀರಿನ ಧಾರೆ ಚಕ್ರದ ಬಟ್ಟಲುಗಳಿಗೆ ಬಡಿಯುವ ಸದ್ದು, ಹೊರಗೆ ಜಡಿಮಳೆ, ಮನೆಯೊಳಗೆ ಝಗಮಗ ದೀಪ. ಬೆಳಗ್ಗೆ ಎದ್ದ ಕೂಡಲೇ ದೊಡ್ಡಪ್ಪನ ಮೊದಲ ಕೆಲಸ ಹಳ್ಳದ ಬಾಯಲ್ಲಿ ಜಾಲರಿಗೆ ಸಿಕ್ಕಿದ ತರಗೆಲೆ ಬಾಚಿ ಹಾಕುವುದು. ಇಂಥ ಒಂದು ಕಿಲೋವ್ಯಾಟ್ ಆಸುಪಾಸಿನ ಪುಟಾಣಿ ಜಲವಿದ್ಯುತ್ ಘಟಕಗಳು ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಎಷ್ಟೋ ಒಂಟಿ ಮನೆಗಳಲ್ಲಿ ಇವೆ. ಬೇಸಿಗೆಯಲ್ಲಿ ಹಳ್ಳ ಸೊರಗಿದ ಮೇಲೆ ಮಾಡಿನ ಮೇಲಿನ ಸೋಲಾರ್ ಪ್ಯಾನೆಲ್‌ಗಳದೇ ಕಾರುಬಾರು.

ದೊಡ್ಡಪ್ಪ ಅಂದದ್ದು ಇಷ್ಟೇ: "ಹಳ್ಳ ತುಂಬಿ ಹರಿಯೋವಾಗ ಬಿಸಿಲೇ ಇಲ್ಲ. ಬಿಸಿಲು ಸುಡೋವಾಗ ಹಳ್ಳದಲ್ಲಿ ನೀರೇ ಇಲ್ಲ. ಒಂದನ್ನೂ ನಂಬೋ ಹಾಗಿಲ್ಲ ಮಾರಾಯ."

ಆಗ ನಾನೂ ತಲೆಯಾಡಿಸಿದ್ದೆ. ಈಗ ಆ ಮಾತು ನೆನಪಾದರೆ ಮೈ ಜುಮ್ಮೆನ್ನುತ್ತದೆ. ಏಕೆಂದರೆ ದೊಡ್ಡಪ್ಪ ಯಾವುದನ್ನು ದೂರು ಅಂತ ಹೇಳಿದರೋ ಅದೇ ಆ ಮನೆಗೆ ಸಿಕ್ಕಿರುವ ಅತಿ ದೊಡ್ಡ ವರ!

ಈಗ ಆ ದ್ವೀಪಕ್ಕೆ ಬನ್ನಿ. ಹೆಸರು ಎಗ್. ಹೆಬ್ರಿಡೀಸ್ ದ್ವೀಪಗಳ ಗುಂಪಿನದು, ಸುಮಾರು 31 ಚದರ ಕಿಲೋಮೀಟರ್, ಜನ ನೂರರ ಆಸುಪಾಸು. ಮ್ಯಾಲೇಗ್ ಬಂದರಿನಿಂದ ದೋಣಿಯಲ್ಲಿ ಹೋಗಬೇಕು. ನೆತ್ತಿಯಲ್ಲಿ ಸ್ಗೂರ್ ಎಂಬ 393 ಮೀಟರ್ ಎತ್ತರದ ಕಪ್ಪು ಬಂಡೆ, ಜ್ವಾಲಾಮುಖಿಯ ಕಾಲದ್ದು, ಹಡಗಿನ ಮೂತಿಯಂತೆ ಕಡಲಿಗೆ ಮುಖ ಮಾಡಿ ನಿಂತಿದೆ. ಖಾಸಗಿ ಒಡೆಯರ ಕೈಯಿಂದ ಕೈಗೆ ದಾಟುತ್ತಿದ್ದ ಈ ದ್ವೀಪವನ್ನು 1997ರ ಜೂನ್ 12ರಂದು ಅಲ್ಲಿನ ಜನರೇ ಕೂಡಿ, ದೇಣಿಗೆ ಎತ್ತಿ, ಒಂದು ಟ್ರಸ್ಟಿನ ಮೂಲಕ ಕೊಂಡುಕೊಂಡರು. ಅಲ್ಲಿಗೆ ದೇಶದ ವಿದ್ಯುತ್ ಜಾಲ ಎಂದೂ ಮುಟ್ಟಿರಲಿಲ್ಲ. ಕಡಲಡಿಯಲ್ಲಿ ಕೇಬಲ್ ಎಳೆಯುವ ಖರ್ಚು ನೂರು ಜನರಿಗೆ ಎಟುಕುವಂಥದ್ದೇ ಅಲ್ಲ. ಮನೆಮನೆಗೆ ಒಂದು ಡೀಸೆಲ್ ಜನರೇಟರ್, ಸಂಜೆ ಕೆಲವು ಗಂಟೆ ಗಡಗಡ, ಆಮೇಲೆ ಕತ್ತಲೆ.

2008ರ ಫೆಬ್ರವರಿ 1ರಂದು ಆ ಗಡಗಡ ನಿಂತಿತು. ಅವತ್ತಿನಿಂದ ಎಗ್ ದ್ವೀಪಕ್ಕೆ ದಿನದ ಇಪ್ಪತ್ನಾಲ್ಕು ಗಂಟೆಯೂ ಕರೆಂಟು. ಅದೂ ನೀರು, ಗಾಳಿ, ಬಿಸಿಲು ಮೂರನ್ನೂ ಒಂದೇ ಹುರಿಯಲ್ಲಿ ಹೊಸೆದ ಕರೆಂಟು! ಲೇಗ್ ಎಂಬಲ್ಲಿ ಹಳ್ಳದ ನೀರಿನಿಂದ 100 ಕಿಲೋವ್ಯಾಟ್. ಬೇರೆ ಎರಡು ತೊರೆಗಳಲ್ಲಿ ಐದಾರು ಕಿಲೋವ್ಯಾಟಿನ ಎರಡು ಮರಿ ಟರ್ಬೈನು. ಸ್ಗೂರ್ ಬಂಡೆಯ ಬುಡದಲ್ಲಿ 6 ಕಿಲೋವ್ಯಾಟಿನ ನಾಲ್ಕು ಗಾಳಿಯಂತ್ರ. ಸೋಲಾರ್ ಮೊದಲಿಗೆ 10 ಕಿಲೋವ್ಯಾಟ್, ಆಮೇಲೆ ಹಂತಹಂತವಾಗಿ 50. ಒಂದು ಕೊಠಡಿಯಲ್ಲಿ ಸಾಲಾಗಿ 96 ದೊಡ್ಡ ಸೀಸದ ಬ್ಯಾಟರಿ. ನೆಲದಡಿ ಹೂತ ಸುಮಾರು 11 ಕಿಲೋಮೀಟರ್ ಕೇಬಲ್. ಕೊನೆಗೆ, ಎಲ್ಲ ಕೈಕೊಟ್ಟ ದಿನಕ್ಕೆಂದು ಎರಡು ಡೀಸೆಲ್ ಜನರೇಟರ್. ಯಂತ್ರಗಳ ಈ ಲೆಕ್ಕವನ್ನು, ಡೀಸೆಲ್ ಬಿಟ್ಟು, ಕೂಡಿದರೆ 200 ಕಿಲೋವ್ಯಾಟ್ ಕೂಡ ಆಗುವುದಿಲ್ಲ. ಬೆಂಗಳೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಜನರೇಟರಿನಷ್ಟು. ಅಷ್ಟರಲ್ಲಿ ಒಂದು ಇಡೀ ಊರು! ವರ್ಷದ ಬಳಕೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಹೀಗೆ ಪ್ರಕೃತಿಯಿಂದಲೇ ಬರುತ್ತದೆ.

ಹೇಗೆ ಸಾಧ್ಯ? ಅಲ್ಲಿ ಸೂರ್ಯ ನಮ್ಮ ಸೂರ್ಯನಲ್ಲ. ಎಗ್ ಇರುವುದು ಉತ್ತರಕ್ಕೆ 57 ಡಿಗ್ರಿಯ ಹತ್ತಿರ. ಡಿಸೆಂಬರ್ ಕೊನೆಯಲ್ಲಿ ಹಗಲು ಏಳು ಗಂಟೆಯೂ ಇರುವುದಿಲ್ಲ, ಇರುವ ಬಿಸಿಲೂ ಮೋಡದ ಹಿಂದೆ. ಬರೀ ಸೋಲಾರ್ ನಂಬಿದರೆ ಊರು ಕತ್ತಲಲ್ಲಿ ಮುಳುಗಬೇಕು. ಆದರೆ ಅದೇ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಕಡಲಿಂದ ಬಿರುಗಾಳಿ ಏಳುತ್ತದೆ. ಮಳೆ ಹೊಯ್ಯುತ್ತದೆ. ಲೇಗ್ ಹಳ್ಳ ಉಕ್ಕುತ್ತದೆ. ಗಾಳಿಯಂತ್ರಗಳೂ ನೀರಿನ ಟರ್ಬೈನೂ ಕುಣಿಯುತ್ತವೆ. ಇನ್ನು ಮೇ, ಜೂನ್ ಬಂತೋ, ಮಳೆ ಇಳಿಯಿತು, ತೊರೆ ಸಣಕಲಾಯಿತು, ಗಾಳಿ ಮಲಗಿತು. ಆದರೆ ಈಗ ಹಗಲು ಹದಿನೇಳು ಗಂಟೆಗೂ ಮಿಕ್ಕು! ಪ್ಯಾನೆಲ್‌ಗಳಿಗೆ ಹಬ್ಬ. ಒಂದು ಕೈ ಸೋತಾಗ ಇನ್ನೊಂದು ಕೈ ಎತ್ತುತ್ತದೆ.

ದೊಡ್ಡಪ್ಪನ ಮಾತು! ಹಳ್ಳ ತುಂಬಿದಾಗ ಬಿಸಿಲಿಲ್ಲ, ಬಿಸಿಲಿದ್ದಾಗ ಹಳ್ಳವಿಲ್ಲ. ಎರಡೂ ಒಟ್ಟಿಗೆ ಬಂದು ಒಟ್ಟಿಗೆ ಹೋಗಿದ್ದರೆ ಆ ಖಾಲಿ ತಿಂಗಳುಗಳನ್ನು ತುಂಬಲು ಐದುನೂರು ಬ್ಯಾಟರಿ ಬೇಕಾಗುತ್ತಿತ್ತು. ಬೇರೆ ಬೇರೆ ಹೊತ್ತಿಗೆ ಬರುತ್ತವೆ ಎನ್ನುವುದಕ್ಕಾಗಿಯೇ ಮೂರು ಸಾಕು. ಋತುವಿನ ಕಂದಕವನ್ನು ತುಂಬುವುದು ಬ್ಯಾಟರಿಯಲ್ಲ, ಇನ್ನೊಂದು ಋತು! ನನಗೆ ಇದಕ್ಕಿಂತ ದೊಡ್ಡ ಆವಿಷ್ಕಾರ ಇತ್ತೀಚೆಗೆ ಸಿಕ್ಕಿಲ್ಲ.

ತಡೆಯಿರಿ, ಎಗ್‌ನ ನಿಜವಾದ ಅಚ್ಚರಿಗೆ ಇನ್ನೂ ಬಂದೇ ಇಲ್ಲ.

ಒಂದು ಮೂಲೆಯಲ್ಲಿ ಗಾಳಿಯಂತ್ರ, ಮೈಲಿಗಟ್ಟಲೆ ದೂರದಲ್ಲಿ ಹಳ್ಳ, ಇನ್ನೆಲ್ಲೋ ಪ್ಯಾನೆಲ್. ಬ್ಯಾಟರಿ ತುಂಬಿತು ಎಂದು ಇವಕ್ಕೆಲ್ಲ ಹೇಳುವವರು ಯಾರು? ನಾನು ಅಂದುಕೊಂಡದ್ದು ಯಾವುದೋ ದೊಡ್ಡ ಕಂಪ್ಯೂಟರು, ಮೂಲೆಮೂಲೆಗೆ ಸಂದೇಶ ಒಯ್ಯುವ ಬೇರೆ ತಂತಿ, ಹಗಲುರಾತ್ರಿ ಪರದೆ ನೋಡುತ್ತ ಕೂತ ಎಂಜಿನಿಯರ್. ಅದೇನೂ ಬೇಕಿಲ್ಲ. ಕರೆಂಟು ಹರಿಯುವ ಅದೇ ತಂತಿಯಲ್ಲಿ ಮಾತೂ ಹರಿಯುತ್ತದೆ!

ನಮ್ಮ ಮನೆಯ ಕರೆಂಟಿನಂತೆಯೇ ಅಲ್ಲಿಯದೂ ಸೆಕೆಂಡಿಗೆ 50 ಸಲ ಅತ್ತ ಇತ್ತ ತುಯ್ದಾಡುತ್ತದೆ. ಅದನ್ನು ಆವರ್ತನ ಎನ್ನುತ್ತಾರೆ, ನಾನು ನಾಡಿ ಎನ್ನುತ್ತೇನೆ. ಬ್ಯಾಟರಿ ತುಂಬುತ್ತ ಬಂದಂತೆ ಅದಕ್ಕೆ ಜೋಡಿಸಿದ ಇನ್ವರ್ಟರ್‌ಗಳು ಈ ನಾಡಿಯನ್ನು 50ಕ್ಕಿಂತ ತುಸುವೇ ಮೇಲಕ್ಕೆ ಏರಲು ಬಿಡುತ್ತವೆ. ಮನೆಯ ದೀಪಕ್ಕೂ ಫ್ರಿಜ್ಜಿಗೂ ಅದು ಗೊತ್ತೇ ಆಗುವುದಿಲ್ಲ. ಆದರೆ ದೂರದ ಗಾಳಿಯಂತ್ರದ ಪೆಟ್ಟಿಗೆ, ನಾಡಿ ಹಿಡಿದ ಪಂಡಿತರಂತೆ, ತಕ್ಷಣ ಅರಿಯುತ್ತದೆ: ಊರಿನ ಹೊಟ್ಟೆ ತುಂಬಿದೆ, ಇನ್ನು ಬಡಿಸುವುದು ಬೇಡ. ತನ್ನಷ್ಟಕ್ಕೆ ತಾನು ತಗ್ಗುತ್ತದೆ. ಒಬ್ಬರೂ ಗುಂಡಿ ಒತ್ತಬೇಕಾಗಿಲ್ಲ. ಒಂದು ಸಂದೇಶವೂ ಆಕಾಶದಲ್ಲಿ ಹಾರಬೇಕಾಗಿಲ್ಲ.

ಮಿಕ್ಕಿದ್ದನ್ನು ಏನು ಮಾಡುತ್ತಾರೆ ಗೊತ್ತೇ? ಎಸೆಯುವುದಿಲ್ಲ. ಚರ್ಚುಗಳಲ್ಲಿ, ಊರಿನ ಸಭಾಭವನದಲ್ಲಿ, ಬಂದರಿನ ಕಟ್ಟಡದಲ್ಲಿ ಹೀಟರ್‌ಗಳಿವೆ. ಹೆಚ್ಚಾದ ಕರೆಂಟು ಅಲ್ಲಿಗೆ ಹರಿದು, ಎಲ್ಲರೂ ಸೇರುವ ಜಾಗಗಳನ್ನು ಪುಕ್ಕಟೆಯಾಗಿ ಬೆಚ್ಚಗಿಡುತ್ತದೆ. ಹೊರಗೆ ಬಿರುಗಾಳಿ ಎಷ್ಟು ಜೋರೋ ಒಳಗೆ ಅಷ್ಟು ಬೆಚ್ಚಗೆ!

ಇದನ್ನು ಓದಿದ ಕೂಡಲೇ ದೊಡ್ಡಪ್ಪನ ಬಚ್ಚಲಮನೆ ಕಣ್ಮುಂದೆ ಬಂತು. ಅವರ ಟರ್ಬೈನಿಗೂ ಒಂದು ಪೆಟ್ಟಿಗೆ ಇದೆ. ರಾತ್ರಿ ಎಲ್ಲರೂ ದೀಪ ಆರಿಸಿ ಮಲಗಿದ ಮೇಲೂ ಹಳ್ಳ ಮಲಗುವುದಿಲ್ಲವಲ್ಲ, ಚಕ್ರಕ್ಕೆ ಹೊರೆ ಕಡಿಮೆಯಾದರೆ ಅದು ಅಂಕೆ ಮೀರಿ ತಿರುಗತೊಡಗುತ್ತದೆ. ಹಾಗಾಗದಂತೆ ಆ ಪೆಟ್ಟಿಗೆ ಮಿಕ್ಕ ಕರೆಂಟನ್ನೆಲ್ಲ ಒಂದು ಹೀಟರ್ ಕಾಯಿಲಿಗೆ ತಳ್ಳುತ್ತದೆ. ಆ ಕಾಯಿಲು ಮುಳುಗಿರುವುದು ಬಚ್ಚಲಿನ ನೀರಿನ ಡ್ರಮ್ಮಿನಲ್ಲಿ. ಸ್ಕಾಟ್ಲೆಂಡಿನಲ್ಲಿ ಚರ್ಚು ಬೆಚ್ಚಗಾಗುವ ಉಪಾಯವೂ ಶೃಂಗೇರಿ ಕಡೆ ಬೆಳಗಿನ ಸ್ನಾನದ ನೀರು ಕಾಯುವ ಉಪಾಯವೂ ಒಂದೇ! ಇಷ್ಟು ವರ್ಷ ಆ ನೀರಿನಲ್ಲಿ ಮಿಂದೂ ನನಗೆ ಅದು ಹೊಳೆದಿರಲಿಲ್ಲ.

ಯಂತ್ರದ ಮಾತಾಯಿತು. ಎಗ್‌ನವರು ಯಂತ್ರಕ್ಕೂ ಮೊದಲು ಮಾಡಿಕೊಂಡ ಒಂದು ಒಪ್ಪಂದವಿದೆ. ನನ್ನ ಲೆಕ್ಕದಲ್ಲಿ ಇಡೀ ಯೋಜನೆಯ ಜೀವ ಇರುವುದೇ ಅದರಲ್ಲಿ. ಯಾವ ಮನೆಯೂ ಒಂದು ಹೊತ್ತಿಗೆ 5 ಕಿಲೋವ್ಯಾಟಿಗಿಂತ ಹೆಚ್ಚು ಎಳೆಯುವಂತಿಲ್ಲ. ಅಂಗಡಿ, ಹೋಟೆಲಿನಂಥ ವ್ಯವಹಾರಕ್ಕೆ 10. ದೊಡ್ಡ ಮನೆಗೂ ಸಣ್ಣ ಮನೆಗೂ ಒಂದೇ ಮಿತಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಗೀಸರ್ 2 ಕಿಲೋವ್ಯಾಟ್, ಇಂಡಕ್ಷನ್ ಒಲೆ 2, ಇಸ್ತ್ರಿ ಪೆಟ್ಟಿಗೆ 1. ಮೂರನ್ನೂ ಒಟ್ಟಿಗೆ ಹಾಕಿದರೆ ಮಿತಿ ಮುಟ್ಟಿತು, ನಾಲ್ಕನೆಯದು ಹಾಕಿದರೆ ಮನೆ ಕತ್ತಲು. ಆಮೇಲೆ ಊರಿನವರೇ ಒಬ್ಬರು ಬಂದು ಮತ್ತೆ ಸರಿಮಾಡಬೇಕು, ಅದಕ್ಕೆ ಸಣ್ಣ ದಂಡವೂ ತೆರಬೇಕು. ಹಾಗಾಗಿ ಅಡುಗೆಮನೆಯಲ್ಲಿ ಒಂದು ಪುಟ್ಟ ಮೀಟರು ಇರುತ್ತದೆ, ಈ ಕ್ಷಣಕ್ಕೆ ಎಷ್ಟು ಎಳೆಯುತ್ತಿದ್ದೇವೆ ಎಂದು ತೋರಿಸುತ್ತದೆ. ಜನ ಗಡಿಯಾರ ನೋಡುವಂತೆ ಅದನ್ನು ನೋಡುತ್ತಾರೆ.

ಈ 5ರ ಮಹಿಮೆ ಏನು? ಒಂದು ವಿದ್ಯುತ್ ವ್ಯವಸ್ಥೆ ಎಷ್ಟು ದೊಡ್ಡದಿರಬೇಕು ಎಂದು ಗೊತ್ತುಮಾಡುವುದು ದಿನದ ಒಟ್ಟು ಬಳಕೆ ಮಾತ್ರವಲ್ಲ, ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕುವ ಆ ಒಂದು ಗಳಿಗೆ. ಇನ್ವರ್ಟರ್, ಕೇಬಲ್, ಜನರೇಟರ್ ಎಲ್ಲವನ್ನೂ ಆ ಗಳಿಗೆಗೆ ತಕ್ಕಂತೆ ಕೊಳ್ಳಬೇಕು. ಹಬ್ಬದ ಒಂದು ದಿನದ ನೆಂಟರಿಗಾಗಿ ವರ್ಷವಿಡೀ ಇರುವ ಮನೆಯನ್ನು ಮೂರು ಪಟ್ಟು ದೊಡ್ಡದಾಗಿ ಕಟ್ಟಿದ ಹಾಗೆ. ಎಗ್‌ನವರು ಆ ಗಳಿಗೆಯನ್ನೇ ಮಾತುಕತೆಯಿಂದ ತಗ್ಗಿಸಿಬಿಟ್ಟರು. ನೀರು, ಗಾಳಿ, ಬಿಸಿಲು ಮೂರೂ ಸೊರಗಿದ ದಿನ ಊರಿಗೆ ಸೂಚನೆ ಹೋಗುತ್ತದೆ, ಜನ ತಾವಾಗಿಯೇ ಬಳಕೆಯಲ್ಲಿ ಕೈ ಬಿಗಿ ಹಿಡಿಯುತ್ತಾರೆ. ಯೋಜನೆಗೆ ಒಟ್ಟು ತಗುಲಿದ್ದು ಸುಮಾರು 16 ಲಕ್ಷ 60 ಸಾವಿರ ಪೌಂಡ್. ಈ ಒಪ್ಪಂದ ಇಲ್ಲದಿದ್ದರೆ ಅಷ್ಟರಲ್ಲಿ ಮುಗಿಯುತ್ತಿರಲಿಲ್ಲ ಎಂಬುದು ನನ್ನ ಖಚಿತ ನಂಬಿಕೆ. 2010ರಲ್ಲಿ ಎಗ್‌ಗೆ, ಇಂಥ ಹಸಿರು ಇಂಧನದ ಕೆಲಸಗಳಿಗೆ ಕೊಡುವ ಆಶ್ಡೆನ್ ಪ್ರಶಸ್ತಿ ಬಂತು.

ಇತ್ತ ನಮ್ಮ ನಾಡಿನ ಕರೆಂಟಿನ ಕಥೆ ಎಂದರೆ ಮೊದಲು ನೆನಪಾಗುವುದೇ ದೂರದ ತಂತಿ. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿತು, 1905ರಲ್ಲಿ ಬೆಂಗಳೂರಿಗೆ ಬೆಳಕು ಬಂತು. ಅದರ ಹೆಮ್ಮೆ ನಮಗೆ ಇರಲೇಬೇಕು. ಆದರೆ ಅಂದಿನಿಂದ ಕರೆಂಟು ಎಂದರೆ ಎಲ್ಲಿಂದಲೋ ಬರುವುದು, ಬಾರದಿದ್ದರೆ ಕಚೇರಿಗೆ ಫೋನ್ ಮಾಡುವುದು ಎಂದಷ್ಟೇ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಮನೆ ಹಿಂದಿನ ತೊರೆಯನ್ನು ಆ ಕಣ್ಣಿಂದ ನೋಡುವವರು ಎಷ್ಟು ಜನ?

ಎಗ್‌ನಿಂದ ಮುಂದೆ ಹೋದ ಹಾಗೆ ಇನ್ನೊಂದು ವಿಷಯ ಬಿಚ್ಚಿಕೊಂಡಿತು. ಕಂದಕ ಒಂದೇ ಬಗೆಯದಲ್ಲ! ಸೆಕೆಂಡಿನ ಕಂದಕ ಬೇರೆ, ರಾತ್ರಿಯ ಕಂದಕ ಬೇರೆ, ವಾರದ್ದು ಬೇರೆ, ಋತುವಿನದು ಬೇರೆ. ಒಂದೊಂದಕ್ಕೂ ಒಂದೊಂದು ಮದ್ದು.

ಅಲಾಸ್ಕಾದಲ್ಲಿ ಕೋಡಿಯಾಕ್ ಎಂಬ ದ್ವೀಪ ಇದೆ. ಹೊರಗಿನ ಜಾಲದ ಹಂಗಿಲ್ಲದೆ ನೀರು ಮತ್ತು ಗಾಳಿಯಿಂದಲೇ ಹೆಚ್ಚುಕಡಿಮೆ ಪೂರ್ತಿ ನಡೆಯುವ ಊರು. 2015ರ ಹೊತ್ತಿಗೆ ಅಲ್ಲಿನ ಬಂದರಿಗೆ ದೊಡ್ಡದೊಂದು ವಿದ್ಯುತ್ ಕ್ರೇನ್ ಬಂತು. ಕ್ರೇನು ಕಂಟೇನರ್ ಎತ್ತುವ ಪ್ರತಿ ಸಲವೂ ಇಡೀ ಊರಿನ ಕರೆಂಟನ್ನು ಒಮ್ಮೆಲೇ ಜಗ್ಗುತ್ತದೆ, ಮರುಕ್ಷಣ ಬಿಡುತ್ತದೆ. ಇದಕ್ಕೆ ಬ್ಯಾಟರಿ ಒಡ್ಡಿದರೆ ಸವೆದು ಹೋಗುತ್ತದೆ. ಅವರು ತಂದದ್ದು ಎರಡು ಭಾರೀ ಚಕ್ರ! ಭರ್ರನೆ ತಿರುಗುತ್ತಲೇ ಇರುವ ಚಕ್ರ. ಕ್ರೇನು ಜಗ್ಗಿದಾಗ ತನ್ನ ವೇಗವನ್ನೇ ಕರೆಂಟಾಗಿ ಕೊಟ್ಟು ನಿಧಾನವಾಗುತ್ತದೆ, ಬಿಟ್ಟಾಗ ಮತ್ತೆ ವೇಗ ಹಿಡಿಯುತ್ತದೆ. ಕುಂಬಾರ ತಿಗುರಿಗೆ ಒಮ್ಮೆ ಕೋಲು ಕೊಟ್ಟು ಬಿಟ್ಟರೆ ಅದು ಗಡಿಗೆ ಮುಗಿಯುವವರೆಗೆ ತಿರುಗುತ್ತಿರುತ್ತದಲ್ಲ, ಅದೇ ತತ್ವ. ಸೆಕೆಂಡುಗಳ ಕಂದಕಕ್ಕೆ ತಿಗುರಿ!

ಇನ್ನು ಸ್ಪೇನಿಗೆ ಸೇರಿದ ಎಲ್ ಹಿಯೆರೋ ದ್ವೀಪ. ಅಲ್ಲಿ ಬೆಟ್ಟದ ಮೇಲೆ ತಣ್ಣಗಾದ ಜ್ವಾಲಾಮುಖಿಯ ಬಾಯಿ ಇದೆ. 2014ರಲ್ಲಿ ಶುರುವಾದ ಯೋಜನೆಯಲ್ಲಿ ಆ ಬಾಯಿಯನ್ನೇ ಕೆರೆ ಮಾಡಿ 3 ಲಕ್ಷ 80 ಸಾವಿರ ಘನ ಮೀಟರ್ ನೀರು ಹಿಡಿಯುವಂತೆ ಮಾಡಿದರು. ಗಾಳಿ ಜೋರಾದಾಗ ಐದು ಗಾಳಿಯಂತ್ರಗಳ ಮಿಕ್ಕ ಕರೆಂಟು ಕೆಳಗಿನ ಕೆರೆಯ ನೀರನ್ನು ಆರುನೂರು ಮೀಟರಿಗೂ ಹೆಚ್ಚು ಮೇಲಕ್ಕೆ ಪಂಪು ಮಾಡುತ್ತದೆ. ಗಾಳಿ ಬಿದ್ದಾಗ ಅದೇ ನೀರು ಧುಮುಕಿ ಟರ್ಬೈನು ತಿರುಗಿಸುತ್ತದೆ. ಬೆಂಕಿ ಉಗುಳಿದ ಬಾಯಲ್ಲಿ ಈಗ ನೀರಿನ ಬ್ಯಾಟರಿ! 2019ರಲ್ಲಿ ಆ ದ್ವೀಪ ಸತತ 24 ದಿನಗಳಿಗೂ ಮೀರಿ ಒಂದು ತೊಟ್ಟು ಡೀಸೆಲ್ ಸುಡದೆ ಬದುಕಿತು. ಆದರೆ ವರ್ಷವಿಡೀ ಲೆಕ್ಕ ಹಾಕಿದರೆ ಪಾಲು ಅರ್ಧದ ಆಸುಪಾಸು. ಕಾರಣ, ಅಲ್ಲಿ ಮೂಲ ಒಂದೇ, ಗಾಳಿ. ಕೆರೆ ವಾರದ ಕಂದಕವನ್ನು ತುಂಬಬಲ್ಲದು, ಗಾಳಿ ಮಲಗಿದ ಋತುವನ್ನಲ್ಲ. ಪುಟ್ಟ ಎಗ್ ಮೂರು ಮೂಲ ಇಟ್ಟುಕೊಂಡು ಗೆದ್ದದ್ದು ಇಲ್ಲೇ.

ಹಾಗಾದರೆ ಯಾವ ಊರಿಗೆ ಎಷ್ಟು ಪ್ಯಾನೆಲ್, ಎಷ್ಟು ಗಾಳಿಯಂತ್ರ, ಎಷ್ಟು ಬ್ಯಾಟರಿ ಎಂದು ಗೊತ್ತುಮಾಡುವುದು ಹೇಗೆ? ಸರಾಸರಿ ಹಿಡಿದರೆ ಕೆಟ್ಟೆವು. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ, ಅರ್ಧಕ್ಕಿಳಿದರೆ ಎಂಟರಲ್ಲೊಂದು. ಇಂಥದ್ದಕ್ಕೆ ತಿಂಗಳ ಸರಾಸರಿ ಏನು ಹೇಳೀತು? ವರ್ಷದ 8,760 ಗಂಟೆಗಳನ್ನೂ ಒಂದೊಂದಾಗಿ ನಡೆದು ನೋಡಬೇಕು. ಈ ಗಂಟೆ ಎಷ್ಟು ಬಿಸಿಲು, ಎಷ್ಟು ಗಾಳಿ, ಎಷ್ಟು ನೀರು, ಊರು ಎಷ್ಟು ಬೇಡಿತು, ಬ್ಯಾಟರಿಯಲ್ಲಿ ಎಷ್ಟು ಉಳಿಯಿತು. ಆಮೇಲೆ ಒಂದು ಪ್ಯಾನೆಲ್ ಹೆಚ್ಚಿಸಿ ಮತ್ತೆ 8,760. ಒಂದು ಬ್ಯಾಟರಿ ಇಳಿಸಿ ಮತ್ತೆ 8,760. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯದಲ್ಲಿ 1993ರಲ್ಲಿ ಪೀಟರ್ ಲಿಲಿಯಂಥಾಲ್ ಇಂಥ ಲೆಕ್ಕಕ್ಕೆಂದೇ ಒಂದು ತಂತ್ರಾಂಶ ಶುರುಮಾಡಿದರು. ಹೆಸರು ಹೋಮರ್. ಸಾವಿರಾರು ಜೋಡಣೆಗಳನ್ನು ಹೀಗೆ ಬದುಕಿಸಿ ನೋಡಿ, ಯಾವುದು ಅಗ್ಗ ಎಂದು ಸಾಲಾಗಿ ಜೋಡಿಸಿ ಮುಂದಿಡುತ್ತದೆ. ಕಟ್ಟುವ ಮೊದಲೇ ಒಂದು ಊರು ಕಂಪ್ಯೂಟರಿನಲ್ಲಿ ಸಾವಿರ ಸಲ ಬಾಳಿ ಮುಗಿಸಿರುತ್ತದೆ! ಕಾಡಿನ ಹಳ್ಳಿ, ದ್ವೀಪ, ಮರುಭೂಮಿಯ ಗಣಿ ಎನ್ನದೆ ಲೋಕದ ಮೂಲೆಮೂಲೆಯವರು ಇದನ್ನು ಬಳಸುತ್ತಾರೆ.

ಇಂಥ ಲೆಕ್ಕಗಳನ್ನು ಎಲ್ಲಿ ಹಾಕಿದರೂ ಒಂದು ಮಾತು ಮರಳಿ ಮರಳಿ ಬರುತ್ತದೆ. ಮೊದಲ ತೊಂಬತ್ತು ಪಾಲು ತಕ್ಕಮಟ್ಟಿಗೆ ಅಗ್ಗ, ಕೊನೆಯ ಐದು ಹತ್ತು ಪಾಲು ವಿಪರೀತ ದುಬಾರಿ. ವರ್ಷದಲ್ಲಿ ಎಲ್ಲವೂ ಒಟ್ಟಿಗೆ ಕೈಕೊಡುವ ಆ ಕೆಲವೇ ದಿನಗಳಿಗಾಗಿ ಬ್ಯಾಟರಿ ಇಮ್ಮಡಿ ಮುಮ್ಮಡಿ ಮಾಡಬೇಕಾಗುತ್ತದೆ. ಎಗ್‌ನವರು ಡೀಸೆಲ್ ಜನರೇಟರ್ ಉಳಿಸಿಕೊಂಡದ್ದು ಸೋಲು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದು ಮನೆಯ ಅಟ್ಟದ ಮೇಲಿನ ಚಿಮಣಿ ದೀಪ. ಅದಿದೆ ಎನ್ನುವ ಧೈರ್ಯದಲ್ಲಿಯೇ ಉಳಿದೆಲ್ಲ ದಿನ ಅದನ್ನು ಹಚ್ಚದೆ ಇರಬಹುದು.

ಈಗ ಮತ್ತೆ ನಮ್ಮ ಹಳ್ಳಕ್ಕೆ. ಈ ಓದೆಲ್ಲ ಮುಗಿಸಿ ಹೋದ ಸಲ ದೊಡ್ಡಪ್ಪನ ಮನೆಗೆ ಹೋದಾಗ ನಾನು ಮೊದಲು ಕೇಳಿದ್ದು ಕಾಫಿಯನ್ನಲ್ಲ, ಬಕೆಟ್ಟನ್ನು. ಹದಿನೈದು ಲೀಟರಿನ ಪ್ಲಾಸ್ಟಿಕ್ ಬಕೆಟ್ಟು. ಮಳೆಗಾಲ ಮುಗಿದು ಹಳ್ಳ ಇಳಿಯುತ್ತಿದ್ದ ಹೊತ್ತು. ಜಾರುವ ಕಲ್ಲುಗಳ ಮೇಲೆ ನಿಂತು, ಒಂದು ಅಡಿಕೆ ದಬ್ಬೆಯಿಂದ ನೀರನ್ನೆಲ್ಲ ಒಂದೇ ಕಡೆ ತಿರುಗಿಸಿ, ಬಕೆಟ್ಟು ಒಡ್ಡಿದೆ. ದೊಡ್ಡಪ್ಪ ಕೈಗಡಿಯಾರ ನೋಡುತ್ತ ಎಣಿಸಿದರು. ಐದು ಸೆಕೆಂಡು. ಅಂದರೆ ಸೆಕೆಂಡಿಗೆ ಮೂರು ಲೀಟರ್. ಪೈಪು ಇಳಿಯುವ ಎತ್ತರ ಮೂವತ್ತು ಮೀಟರ್. ಲೀಟರನ್ನು ಮೀಟರಿನಿಂದ ಗುಣಿಸಿ, ಅದನ್ನು 9.81ರಿಂದ ಗುಣಿಸಿದರೆ ನೀರಿನಲ್ಲಿರುವ ಬಲ ವ್ಯಾಟಿನಲ್ಲಿ ಸಿಗುತ್ತದೆ: ಸುಮಾರು 880. ಪೈಪು, ಚಕ್ರ, ಡೈನಮೋ ಎಲ್ಲ ತಮ್ಮ ಪಾಲು ಮುರಿದುಕೊಂಡು ಅರ್ಧ ಕೊಟ್ಟರೂ 440 ವ್ಯಾಟ್.

"ಅಷ್ಟೇನಾ? ಅರ್ಧ ಕಿಲೋವ್ಯಾಟೂ ಇಲ್ಲ" ಅಂದರು ದೊಡ್ಡಪ್ಪ.

ಅಷ್ಟೇ! ಆದರೆ ಹಳ್ಳಕ್ಕೆ ರಾತ್ರಿಯಿಲ್ಲ, ಭಾನುವಾರವಿಲ್ಲ. 440 ವ್ಯಾಟ್ ಇಪ್ಪತ್ನಾಲ್ಕು ಗಂಟೆ ಬಂದರೆ ದಿನಕ್ಕೆ ಹತ್ತೂವರೆ ಯೂನಿಟ್. ಆ ಮನೆಗೆ ಬೇಕಾದದ್ದು ಐದು! ಒಂದು ಕಿಲೋವ್ಯಾಟಿನ ಸೋಲಾರ್ ಪ್ಯಾನೆಲ್ ನಮ್ಮಲ್ಲಿ ಒಳ್ಳೆಯ ಬಿಸಿಲಿನ ದಿನ ಕೊಡುವುದು ನಾಲ್ಕೈದು ಯೂನಿಟ್. ಅದರ ಅರ್ಧಕ್ಕಿಂತ ಸಣ್ಣದಾದ ಈ ತೊರೆ ಎರಡು ಪಟ್ಟು ಕೊಡುತ್ತಿದೆ. ಹನಿಗೂಡಿದರೆ ಹಳ್ಳ ಎನ್ನುವುದನ್ನು ನಾವು ಎಷ್ಟು ಸಲ ಕೇಳಿಲ್ಲ! ಕಲ್ಲಿನ ಮೇಲೆ ಕೂತು ಈ ಲೆಕ್ಕ ಹಾಕುವಾಗಲೇ ಅದು ನನ್ನ ಎದೆಗೆ ಇಳಿದದ್ದು. ದೊಡ್ಡಪ್ಪ ಒಂದು ನಿಮಿಷ ಹಳ್ಳವನ್ನೇ ನೋಡಿದರು. ಆಮೇಲೆ ಬಕೆಟ್ಟು ಎತ್ತಿಕೊಂಡು, "ಇನ್ನೊಂದು ಸಲ ಹಿಡಿ, ಐದೋ ಆರೋ ಸರಿಯಾಗಿ ನೋಡುವ" ಅಂದರು.

ಈಗ ಅವರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರದ ಚೌಕದಲ್ಲೂ ಒಂದು ಅಂಕಿ ಇರುತ್ತದೆ, ಬಕೆಟ್ಟು ತುಂಬಲು ಹಿಡಿದ ಸೆಕೆಂಡು. ಜನವರಿಯಲ್ಲಿ ಆ ಅಂಕಿ ಮೇಲೇರುತ್ತ ಹೋದ ಹಾಗೆ ದೊಡ್ಡಮ್ಮ ಅದರ ಪಕ್ಕ ಬಿಸಿಲಿನ ಚಿತ್ರ ಬರೆಯಲು ಶುರುಮಾಡಿದ್ದಾರೆ. ಹಳ್ಳದ ಅಂಕಿ ಕೆಡುತ್ತ ಬಂದಂತೆ ಸೂರ್ಯನ ಚಿತ್ರಗಳು ಹೆಚ್ಚುತ್ತವೆ. ಒಂದು ಮನೆಗೆ ಬೇಕಾದ ಪೂರ್ತಿ ಯೋಜನೆಯ ಬೀಜ ಆ ಕ್ಯಾಲೆಂಡರಿನಲ್ಲಿದೆ. ಎಷ್ಟು ಪ್ಯಾನೆಲ್ ಸಾಕು, ಎಷ್ಟು ಬ್ಯಾಟರಿ ಬೇಕು ಎಂದು ಅದು ತಾನೇ ಹೇಳುತ್ತದೆ. ಮಾರುವವರು ಹೇಳಬೇಕಾಗಿಲ್ಲ.

ಮನೆಯ ಹಿಂದೆ ಹಳ್ಳ ಇರುವ ಓದುಗರಲ್ಲಿ ನನ್ನದೊಂದು ಕೋರಿಕೆ. ಪ್ಯಾನೆಲ್ಲೋ ಬ್ಯಾಟರಿಯೋ ಟರ್ಬೈನೋ ಕೊಳ್ಳುವ ಮೊದಲು ಒಂದು ಬಕೆಟ್ಟು, ಒಂದು ಗಡಿಯಾರ, ಒಂದು ಕ್ಯಾಲೆಂಡರ್ ಇಟ್ಟುಕೊಳ್ಳಿ. ಒಂದು ಪೂರ್ತಿ ವರ್ಷ, ವಾರಕ್ಕೊಂದು ಸಲ, ಐದು ನಿಮಿಷದ ಕೆಲಸ. ಹಳ್ಳ ಪೂರ್ತಿ ಬತ್ತಿದ ವಾರಗಳಲ್ಲೂ ಬಿಡದೆ ಸೊನ್ನೆ ಎಂದೇ ಬರೆಯಿರಿ. ಎಷ್ಟು ಬ್ಯಾಟರಿ ಬೇಕೆಂಬುದು ಆ ಸೊನ್ನೆಗಳಿಂದಲೇ ತಿಳಿಯುತ್ತದೆ.